ಊರಿಗೆ ಬೇಡವಾದವರು, ಖಜಾನೆಗೆ ಬೇಕಾದವರು: ಯಹೂದಿ ಬ್ಯಾಂಕರುಗಳ ಸನ್ನದುಗಳು

ಯುರೋಪಿನ ರಾಜರನ್ನೆಲ್ಲ ಯಹೂದಿ ಲೇವಾದೇವಿಗಾರರು ಬೆರಳ ತುದಿಯಲ್ಲಿ ಕುಣಿಸುತ್ತಿದ್ದರು ಅನ್ನೋ ಮಾತು ಈಗಲೂ ಓಡಾಡುತ್ತದೆ. ಅದಕ್ಕೆ ಪುರಾವೆಯಾಗಿ ಅವರಿಗೆ ಸಿಕ್ಕಿದ್ದ ವಿಶೇಷ ಸನ್ನದುಗಳನ್ನು ತೋರಿಸುವವರೂ ಇದ್ದಾರೆ. ಸನ್ನದುಗಳಿದ್ದದ್ದು ನಿಜ. ಆದರೆ ಅವುಗಳಲ್ಲಿ ಬರೆದಿದ್ದೇನು, ಕಷ್ಟಕಾಲದಲ್ಲಿ ಅವು ಎಷ್ಟರ ಮಟ್ಟಿಗೆ ಕೈಹಿಡಿದವು ಅನ್ನೋದು ಬೇರೆಯೇ ಕತೆ.

ಬಡ್ಡಿಗೆ ಸಾಲ ಕೊಡುವುದು ಕ್ರೈಸ್ತರಿಗೆ ಪಾಪ ಎಂದು ಚರ್ಚ್ ಹೇಳುತ್ತಿತ್ತು. ಹಾಗಂತ ಸಾಲದ ಅಗತ್ಯ ನಿಲ್ಲುತ್ತದೆಯೇ? ಬಹಳ ಕಡೆ ಯಹೂದಿಗಳು ಜಮೀನು ಕೊಳ್ಳುವಂತಿರಲಿಲ್ಲ, ಕಸುಬುದಾರರ ಸಂಘಗಳಿಗೂ ಅವರಿಗೆ ಪ್ರವೇಶವಿರಲಿಲ್ಲ. ಉಳಿದ ದಾರಿಗಳಲ್ಲಿ ಲೇವಾದೇವಿಯೂ ಒಂದು. ಇಟಲಿಯ ನಗರಗಳು ಅವರೊಡನೆ 'ಕೊಂದೋತ್ತಾ' ಎಂಬ ಕರಾರು ಮಾಡಿಕೊಳ್ಳುತ್ತಿದ್ದವು. ಇಷ್ಟು ವರ್ಷ ನಮ್ಮೂರಲ್ಲಿರಬಹುದು, ಇಷ್ಟೇ ಬಡ್ಡಿ ಪಡೆಯಬೇಕು, ನಿಮ್ಮ ಧರ್ಮ ಆಚರಿಸಬಹುದು, ಬದಲಿಗೆ ಇಷ್ಟು ಹಣ ಕಟ್ಟಬೇಕು. ಅವಧಿ ಮುಗಿದ ಮೇಲೆ ಮತ್ತೆ ಚೌಕಾಸಿ. ಕರಾರು ನವೀಕರಣವಾಗದಿದ್ದರೆ ಗಂಟುಮೂಟೆ ಕಟ್ಟಬೇಕಿತ್ತು.

ವೆನಿಸ್ ಇದಕ್ಕೆ ಒಳ್ಳೆಯ ಉದಾಹರಣೆ. 1516ರ ಮಾರ್ಚ್‌ನಲ್ಲಿ ಅಲ್ಲಿನ ಸೆನೆಟ್ ಯಹೂದಿಗಳನ್ನು 'ಗೆಟ್ಟೋ' ಎಂಬ ಜಾಗಕ್ಕೆ ಸೇರಿಸಿತು. ರಾತ್ರಿ ಬಾಗಿಲಿಗೆ ಬೀಗ. ಕಾವಲುಗಾರರ ಸಂಬಳವನ್ನೂ ಒಳಗಿದ್ದವರೇ ಕೊಡಬೇಕು! ಬೇರೆ ಇಟಾಲಿಯನ್ ನಗರಗಳಲ್ಲಿ ಬಡವರಿಗಾಗಿ ಚರ್ಚ್‌ನ ಬೆಂಬಲದ ಗಿರವಿ ನಿಧಿಗಳು ಹುಟ್ಟಿದ್ದವು; ಮೊದಲಿನವುಗಳಲ್ಲೊಂದು 1462ರಲ್ಲಿ ಪೆರುಜಿಯಾದಲ್ಲಿ. ವೆನಿಸ್ ಆ ಕೆಲಸವನ್ನು ಗೆಟ್ಟೋದ ತಲೆಗೇ ಕಟ್ಟಿತು. ಕೆಂಪು, ಹಸಿರು, ಕಪ್ಪು ಎಂದು ಹೆಸರಾದ ಮೂರು ಬ್ಯಾಂಕುಗಳು ಒತ್ತೆ ಇಟ್ಟುಕೊಂಡು ಬಡವರಿಗೆ ಸಣ್ಣ ಸಾಲ ಕೊಡಬೇಕಿತ್ತು. 16ನೇ ಶತಮಾನದ ಕೊನೆಗೆ ಬಡ್ಡಿ ವರ್ಷಕ್ಕೆ ಶೇ. 5ಕ್ಕೆ ಇಳಿದಿತ್ತು, ಅಂದರೆ ನಷ್ಟದ ಬಾಬತ್ತು. ಆ ನಷ್ಟವನ್ನು ತುಂಬಿದ್ದು ಯಹೂದಿ ಸಮುದಾಯವೇ. ಇದನ್ನು ಸವಲತ್ತು ಅನ್ನೋದಕ್ಕಿಂತ ಊರಲ್ಲಿರಲು ಕೊಟ್ಟ ಬಾಡಿಗೆ ಅನ್ನೋದೇ ಸರಿ.

ಜರ್ಮನ್ ಸೀಮೆಯಲ್ಲಿ 17ನೇ ಶತಮಾನದಲ್ಲಿ 'ಆಸ್ಥಾನ ಯಹೂದಿ'ಗಳು ಕಾಣಿಸಿಕೊಂಡರು. ಸೇನೆಗೆ ದವಸ, ಕುದುರೆ, ಮದ್ದುಗುಂಡು ಒದಗಿಸುವುದು, ರಾಜನಿಗೆ ಸಾಲ ಎತ್ತಿಕೊಡುವುದು ಅವರ ಕೆಲಸ. ಎಲ್ಲಿ ಬೇಕಾದರೂ ವಾಸಿಸುವ ಅವಕಾಶ, ಯಹೂದಿಗಳು ಗಡಿಗಳಲ್ಲಿ ಕಟ್ಟಬೇಕಿದ್ದ ತಲೆಸುಂಕದಿಂದ ವಿನಾಯಿತಿ, ಊರಿನ ನ್ಯಾಯಾಲಯದ ಬದಲು ಆಸ್ಥಾನದಲ್ಲೇ ವಿಚಾರಣೆ, ಇಂಥವು ಸನ್ನದಿನಲ್ಲಿರುತ್ತಿದ್ದವು.

ಚಕ್ರವರ್ತಿ ಲಿಯೊಪೋಲ್ಡ್ 1670ರಲ್ಲಿ ವಿಯೆನ್ನಾದಿಂದ ಯಹೂದಿಗಳನ್ನು ಓಡಿಸಿದ. ಕೆಲವೇ ವರ್ಷಗಳಲ್ಲಿ ಯುದ್ಧ ಬಂತು, ದುಡ್ಡು ಬೇಕಾಯಿತು. ಆಗ ಹೈಡೆಲ್ಬರ್ಗ್ ಕಡೆಯ ಸಾಮ್ಯುಯೆಲ್ ಓಪನ್‌ಹೈಮರ್‌ಗೆ ಮನೆಮಂದಿ, ಕೆಲಸದವರ ಸಮೇತ ಅದೇ ವಿಯೆನ್ನಾದಲ್ಲಿ ನೆಲೆಸಲು ಅನುಮತಿ ಸಿಕ್ಕಿತು. 1683ರ ಮುತ್ತಿಗೆಯ ನಂತರದ ದಂಡಯಾತ್ರೆಗಳಿಗೆ ಸರಕು ಒದಗಿಸಿದವನು ಅವನೇ. 1700ರಲ್ಲಿ ದೊಂಬಿಕಾರರು ಅವನ ಮನೆ ಲೂಟಿ ಮಾಡಿದರು. 1703ರಲ್ಲಿ ಅವನು ತೀರಿಕೊಂಡಾಗ ಖಜಾನೆಯಿಂದ ಲಕ್ಷಗಟ್ಟಲೆ ಫ್ಲೋರಿನ್ ಬರಬೇಕಿತ್ತು. ಸರ್ಕಾರ ಕೊಡಲಿಲ್ಲ, ಅವನೇ ನಮಗೆ ಬಾಕಿ ಎಂದು ಲೆಕ್ಕ ತಿರುಗಿಸಿತು! ಅವನ ಸಂಸ್ಥೆ ದಿವಾಳಿಯಾಯಿತು. ಅವನನ್ನು ನಂಬಿ ಹಣ ಹಾಕಿದ್ದವರೂ ಮುಳುಗಿದರು, ರಾಜ್ಯದ ಸಾಲದ ಮಾರುಕಟ್ಟೆಯೂ ಅಲ್ಲಾಡಿಹೋಯಿತು.

ವ್ಯುರ್ಟೆಂಬರ್ಗ್‌ನ ಯೋಸೆಫ್ ಸ್ಯೂಸ್ ಓಪನ್‌ಹೈಮರ್‌ನದು ಇನ್ನೂ ಕ್ರೂರ. ಅವನು ಮಾಡಿದ್ದಕ್ಕೆ ಮುಂದೆ ಯಾರೂ ಲೆಕ್ಕ ಕೇಳಬಾರದು ಎಂದು ಡ್ಯೂಕ್ ಕಾರ್ಲ್ ಅಲೆಕ್ಸಾಂಡರ್ ಬರಹದಲ್ಲೇ ಅಭಯ ಕೊಟ್ಟಿದ್ದ. 1737ರ ಮಾರ್ಚ್‌ನಲ್ಲಿ ಡ್ಯೂಕ್ ಹಠಾತ್ತನೆ ಸತ್ತ. ಕೂಡಲೇ ಸ್ಯೂಸ್‌ನ ಬಂಧನವಾಯಿತು. ಅಭಯಪತ್ರಕ್ಕೆ ಮೂರು ಕಾಸಿನ ಬೆಲೆಯೂ ಬರಲಿಲ್ಲ. 1738ರ ಫೆಬ್ರವರಿ 4ರಂದು ಸ್ಟುಟ್‌ಗಾರ್ಟ್‌ನಲ್ಲಿ ಅವನನ್ನು ನೇಣಿಗೇರಿಸಿ, ಶವವನ್ನು ಕಬ್ಬಿಣದ ಪಂಜರದಲ್ಲಿ ವರ್ಷಗಟ್ಟಲೆ ನೇತುಹಾಕಿದರು. ಎರಡು ಶತಮಾನ ಕಳೆದ ಮೇಲೆ, 1940ರಲ್ಲಿ, ನಾಜಿಗಳು ಇದೇ ಕತೆಯನ್ನು ತಿರುಚಿ ಸಿನಿಮಾ ಮಾಡಿದರು.

ಸನ್ನದುಗಳು ಯಹೂದಿಗಳ ನಡುವೆಯೇ ಮೇಲುಕೀಳಿನ ಗೆರೆ ಎಳೆದವು. ಪ್ರಷ್ಯಾದ ಎರಡನೇ ಫ್ರೆಡರಿಕ್ 1750ರಲ್ಲಿ ಅವರನ್ನು ಕಾನೂನಿನಲ್ಲೇ ದರ್ಜೆಗಳಾಗಿ ವಿಂಗಡಿಸಿದ. ಬೆರಳೆಣಿಕೆಯ ಸಿರಿವಂತರು ಮನೆ ಕೊಂಡು, ವಾಸದ ಹಕ್ಕನ್ನು ಮಕ್ಕಳಿಗೂ ಬಿಟ್ಟುಹೋಗಬಹುದಿತ್ತು. ಅವರ ಕೆಳಗಿನ ದರ್ಜೆಯವರು ಅದನ್ನು ಒಂದೇ ಮಗುವಿಗೆ ಕೊಡಬೇಕು. ತೀರಾ ಕೆಳಗಿದ್ದ ಆಳುಕಾಳುಗಳಿಗೆ ನೌಕರಿ ಇರುವ ತನಕ ಮಾತ್ರ ನೆಲೆ. ಪ್ರಷ್ಯಾದಲ್ಲಿ ಈ ಏರ್ಪಾಡು 1812ರ ನಾಗರಿಕತ್ವದ ಆಜ್ಞೆ ಬರುವವರೆಗೆ ನಡೆಯಿತು. ಫ್ರಾನ್ಸ್‌ನಲ್ಲಿ ಯಹೂದಿಗಳು 1791ರಲ್ಲೇ ಸನ್ನದಿನ ಹಂಗಿಲ್ಲದೆ ಪ್ರಜೆಗಳಾಗಿದ್ದರು.