ವೋಲ್ಟಿನ ಪ್ರಮಾಣವೂ ಉಪಕರಣದ ದುರಸ್ತಿಯೂ

ಹಳೆಯ ವೋಲ್ಟ್ ಕ್ಯಾಲಿಬ್ರೇಟರೊಂದನ್ನು ದುರಸ್ತಿಗೊಳಿಸುವ ಮೊದಲು ನಾವು ವಿಚಾರಿಸಬೇಕಾದುದು, ಅದು ಯಾವ ವೋಲ್ಟನ್ನು ಆಧರಿಸಿತ್ತೆಂಬುದನ್ನು. 1893ರ ಷಿಕಾಗೋ ಸಮ್ಮೇಳನವು ಅಂಗೀಕರಿಸಿದ ಕ್ಲಾರ್ಕ್ ಕೋಶದ ವಿದ್ಯುಚ್ಚಾಲಕ ಬಲವು ಉಷ್ಣತೆಯೊಡನೆ ಗಣನೀಯವಾಗಿ ಬದಲಾಗುತ್ತಿತ್ತು. ಅದೇ ವರ್ಷ ಎಡ್ವರ್ಡ್ ವೆಸ್ಟನ್ ಪೇಟೆಂಟ್ ಪಡೆದ ಕ್ಯಾಡ್ಮಿಯಂ ಕೋಶವು ಈ ದೋಷವನ್ನು ಬಹುಮಟ್ಟಿಗೆ ನೀಗಿತು. 1911ರಿಂದ, 20 ಡಿಗ್ರಿ ಸೆಂಟಿಗ್ರೇಡಿನಲ್ಲಿ ಅದರ ಬೆಲೆ 1.0183 ಅಂತರರಾಷ್ಟ್ರೀಯ ವೋಲ್ಟೆಂದು ನಿಗದಿಯಾಯಿತು. 1948ರಲ್ಲಿ ನಿರಪೇಕ್ಷ ವೋಲ್ಟು ಜಾರಿಗೆ ಬಂದಾಗ ಅದೇ ಕೋಶದ ಅಂಕಿ ಸುಮಾರು 1.0186 ಆಯಿತು. ಬದಲಾದುದು ಕೋಶವಲ್ಲ, ಮಾನ. 1990ರಲ್ಲಿ ಜೋಸೆಫ್‌ಸನ್ ಪರಿಣಾಮವನ್ನು ಆಧಾರವಾಗಿರಿಸಿಕೊಂಡಾಗಲೂ ಹಲವು ದೇಶಗಳ ವೋಲ್ಟು ತುಸು ಸರಿಯಿತು.

ಆದುದರಿಂದ ಉಪಕರಣವು ಕೈಸೇರಿದಾಗ ನೀಡುತ್ತಿದ್ದ ವೋಲ್ಟನ್ನೂ, ದಿನಾಂಕವನ್ನೂ, ಉಷ್ಣತೆಯನ್ನೂ ದಾಖಲಿಸದೆ ತಿರುಪನ್ನು ಮುಟ್ಟಲಾಗದು. ಮುಟ್ಟಿದರೆ ಉಪಕರಣವೇನೋ ಸರಿಹೋದೀತು. ಅದನ್ನು ನಂಬಿ ಹಿಂದೆ ಮಾಡಿದ ಅಳತೆಗಳನ್ನು ತಿದ್ದುವ ಆಧಾರವು ಅಳಿದುಹೋಗುತ್ತದೆ.