ತೂಕವಿಲ್ಲದ ಲೋಕದಲ್ಲಿ ಜೀವಬೀಜ



ನಾಲ್ಕು ದಶಕಗಳ ಹಿಂದಿನ ಒಂದು ಋಣ ನನ್ನ ಮೇಲಿದೆ. ಇಂದು ಅದನ್ನು ತೀರಿಸಲು ಕುಳಿತಿದ್ದೇನೆ.

1984ರ ಏಪ್ರಿಲ್ 3ರಂದು ರಾಕೇಶ್ ಶರ್ಮಾ ಅವರು ಸೋವಿಯತ್ ನೌಕೆಯಲ್ಲಿ ಅಂತರಿಕ್ಷಕ್ಕೆ ತೆರಳಿ, ಸುಮಾರು ಎಂಟು ದಿನ ಅಲ್ಲಿದ್ದು ಮರಳಿದರು. ಬೇಸಿಗೆಯ ರಜೆ ಮುಗಿದು ಶಾಲೆ ತೆರೆದಾಗಲೂ, ಸಿದ್ಧೇಶ್ವರ ಗುಡಿಗೆ ಸಮೀಪದಲ್ಲಿದ್ದ ನಮ್ಮ ತರಗತಿಯಲ್ಲಿ ಅದೇ ಮಾತು. ನಾನು ತಳದಲ್ಲಿ ತೂತು ಮಾಡಿದ ಡಬ್ಬಿಗೆ ನೀರು ತುಂಬಿ, ಮೇಜಿನ ಮೇಲೆ ನಿಂತು ಕೈಬಿಟ್ಟೆ. ಕೈಯಲ್ಲಿದ್ದಾಗ ಸೋರುತ್ತಿದ್ದ ನೀರು, ಡಬ್ಬಿ ಬೀಳುವಾಗ ಸೋರಲಿಲ್ಲ. ಎರಡೂ ಒಟ್ಟಿಗೆ ಬೀಳುತ್ತಿದ್ದವು. ಭೂಮಿಯನ್ನು ಸುತ್ತುವ ನೌಕೆಯೂ ಹೀಗೆಯೇ ಸದಾ ಬೀಳುತ್ತಿರುತ್ತದೆ. 400 ಕಿಲೋಮೀಟರ್ ಎತ್ತರದಲ್ಲಿ ಗುರುತ್ವಾಕರ್ಷಣೆ ನೆಲದ ಮೇಲಿನದರ ಶೇಕಡಾ 90ರ ಆಸುಪಾಸಿನಲ್ಲಿಯೇ ಇರುತ್ತದೆ. ಇಲ್ಲವಾಗುವುದು ತೂಕದ ಅನುಭವ ಮಾತ್ರ.

ಆಗ ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು, "ಸರ, ಅಲ್ಲೆ ಕೂಸು ಹುಟ್ಟತೈತೇನ್ರಿ?" ಎಂದಳು. ತರಗತಿ ಗೊಳ್ಳೆಂದು ನಕ್ಕಿತು. ನಾನು, "ಕೂಡ್ರವಾ, ಪಾಠದಾಗ ಇದ್ದದ್ದು ಕೇಳು" ಎಂದೆ. ಆಕೆ ಕುಳಿತಳು. ಆ ವರ್ಷವಿಡೀ ಮತ್ತೆ ಕೈಯೆತ್ತಲಿಲ್ಲ.

ಸಂಕ್ರಾಂತಿಯ ಜಾತ್ರೆಯಲ್ಲಿ ನಮ್ಮ ರೈತರು ಹೋರಿಯ ತಳಿಯನ್ನೂ ಆಕಳ ಗಬ್ಬವನ್ನೂ ಹತ್ತು ಜನರೆದುರು ವಿಚಾರಿಸುತ್ತಾರೆ, ಯಾರೂ ನಗುವುದಿಲ್ಲ. ಆದರೆ ಓದಿದ ನಾನು ಒಂದು ಮಗುವಿನ ಪ್ರಶ್ನೆಗೆ ನಾಚಿದೆ.

ಆ ಪ್ರಶ್ನೆಯಾದರೋ ಆಗಲೇ ವಿಜ್ಞಾನಿಗಳ ಪ್ರಶ್ನೆಯಾಗಿತ್ತು. 1963ರ ಜೂನ್‌ನಲ್ಲಿ ಅಂತರಿಕ್ಷಕ್ಕೆ ಹೋದ ಪ್ರಥಮ ಮಹಿಳೆ ವ್ಯಾಲೆಂಟಿನಾ ತೆರೆಶ್ಕೋವಾ 1964ರಲ್ಲಿ ಹೆಣ್ಣುಮಗುವಿನ ತಾಯಿಯಾದರು. ತಂದೆ ನಿಕೊಲಾಯೆವ್ ಕೂಡ ಅಂತರಿಕ್ಷಯಾನಿ. ಹೋಗಿ ಬಂದವರಿಗೆ ಮಕ್ಕಳಾಗಬಲ್ಲವೆಂಬುದು ಅದರಿಂದ ತಿಳಿಯಿತು. ಅಲ್ಲಿಯೇ ಗರ್ಭ ನಿಲ್ಲುವುದೇ ಎಂಬುದು ಬೇರೆ ಮಾತು. 1979ರಲ್ಲಿ ಸೋವಿಯತ್ ವಿಜ್ಞಾನಿಗಳು ಕಾಸ್ಮೋಸ್ 1129 ಉಪಗ್ರಹದಲ್ಲಿ ಗಂಡು ಹೆಣ್ಣು ಇಲಿಗಳನ್ನು ಒಟ್ಟಿಗೆ ಕಳುಹಿಸಿದರು. ಒಂದು ಹೆಣ್ಣೂ ಮರಿ ಹಾಕಲಿಲ್ಲ. 1994ರಲ್ಲಿ ಕೊಲಂಬಿಯಾ ನೌಕೆಯಲ್ಲಿ ಜಪಾನಿನ ಮೆಡಾಕಾ ಮೀನುಗಳು ಮೊಟ್ಟೆಯಿಟ್ಟವು. ಮರಿಗಳೂ ಅಲ್ಲಿಯೇ ಹೊರಬಂದವು. ಮೀನಿಗೆ ಸಾಧ್ಯವಾದುದು ಸಸ್ತನಿಗೆ ಸುಲಭವಲ್ಲವೆಂದಾಯಿತು.

ವೀರ್ಯಾಣು ಅತಿ ಸೂಕ್ಷ್ಮವಾದುದು; ಅದಕ್ಕೇನು ತೂಕದ ಹಂಗು ಎಂದು ನೀವು ಕೇಳಬಹುದು. ಹೋರಿಯ ಹಾಗೂ ಕಡಲ ಜೀವಿಯಾದ ಸಮುದ್ರ ಅರ್ಚಿನ್‌ನ ವೀರ್ಯಾಣುಗಳ ಮೇಲಿನ ಪ್ರಯೋಗಗಳು ಬೇರೆಯದನ್ನೇ ಸೂಚಿಸಿದವು. ತೂಕರಹಿತ ಸ್ಥಿತಿಯಲ್ಲಿ ಅವು ಬೇಗನೆ ಚಲನೆಗೆ ತೊಡಗುತ್ತವೆ. ಆದರೆ ಅಂಡಾಣುವಿನೊಡನೆ ಬೆರೆಯಲು ಬೇಕಾದ ಮುಂದಿನ ಹಂತಗಳು ನಿಧಾನವಾಗುತ್ತವೆ, ಇಲ್ಲವೇ ನಡೆಯುವುದೇ ಇಲ್ಲ. ಓಡಲು ಹೊರಟವನು ಬಾಗಿಲಲ್ಲಿ ತಡವರಿಸಿದಂತೆ. ಇದನ್ನು ಮಾನವ ಜೀವಕೋಶಗಳಲ್ಲಿ ಪರೀಕ್ಷಿಸಲು ನಾಸಾ 2018ರ ಏಪ್ರಿಲ್‌ನಲ್ಲಿ ಮನುಷ್ಯನ ಮತ್ತು ಹೋರಿಯ ಹೆಪ್ಪುಗಟ್ಟಿಸಿದ ವೀರ್ಯವನ್ನು ಅಂತರರಾಷ್ಟ್ರೀಯ ಅಂತರಿಕ್ಷ ನಿಲ್ದಾಣಕ್ಕೆ ಕಳುಹಿಸಿತು. ಪ್ರಯೋಗದ ಹೆಸರು ಮೈಕ್ರೋ-11. ಹುಡುಗಿ ಕೇಳಿ ಆಗಲೇ 34 ವರ್ಷಗಳಾಗಿದ್ದವು!

ಜಪಾನಿನ ತೆರುಹಿಕೊ ವಾಕಯಾಮಾ ಅವರ ತಂಡ ಹೆಪ್ಪುಗಟ್ಟಿಸಿ ಒಣಗಿಸಿದ ಇಲಿಯ ವೀರ್ಯಾಣುಗಳನ್ನು ನಿಲ್ದಾಣದಲ್ಲಿ 5 ವರ್ಷ 10 ತಿಂಗಳವರೆಗೂ ಇರಿಸಿತು. ಅವು ವಿಕಿರಣಕ್ಕೆ ಒಡ್ಡಿಕೊಂಡಿದ್ದರೂ, ಭೂಮಿಗೆ ತಂದ ಮೇಲೆ ಅವುಗಳಿಂದ ಆರೋಗ್ಯವಂತ ಮರಿಗಳು ಹುಟ್ಟಿದವೆಂದು 2021ರಲ್ಲಿ ಪ್ರಕಟವಾಯಿತು. ಅದೇ ವರ್ಷ ಕಳುಹಿಸಿದ ಇಲಿಯ ಎಳೆಯ ಭ್ರೂಣಗಳು ನಿಲ್ದಾಣದಲ್ಲಿ ನಾಲ್ಕು ದಿನ ಬೆಳೆದವು. ಮಾನವ ಶಿಶುವಾದರೋ ಅಂತರಿಕ್ಷದಲ್ಲಿ ಇಂದಿಗೂ ಹುಟ್ಟಿಲ್ಲ.

ನಮ್ಮ ನೆರೆಯ ಧಾರವಾಡವೂ ಈ ವಿಚಾರದ ಸಮೀಪಕ್ಕೆ ಬಂದಿದೆ. 2025ರಲ್ಲಿ ಶುಭಾಂಶು ಶುಕ್ಲಾ ಅವರು ನಿಲ್ದಾಣದಲ್ಲಿ ಮೊಳಕೆ ಬರಿಸಿದ ಹೆಸರು ಕಾಳು, ಮೆಂತೆ ಕಾಳುಗಳ ಪ್ರಯೋಗ ಅಲ್ಲಿನ ಕೃಷಿ ವಿಶ್ವವಿದ್ಯಾಲಯ ಹಾಗೂ ಐಐಟಿಯದು. ಅದು ಸಸ್ಯದ ಬೀಜ, ನಿಜ. ಆದರೂ ತೂಕವಿಲ್ಲದೆಡೆ ಜೀವ ಹೇಗೆ ಚಿಗುರುತ್ತದೆ ಎಂಬ ಕುತೂಹಲ ಒಂದೇ. ಮಂಗಳಕ್ಕೆ ಹೋಗಲು ತಿಂಗಳುಗಟ್ಟಲೆ ಬೇಕು. ಅಲ್ಲಿ ನೆಲೆಸಬಯಸುವವರು ಈ ಪ್ರಶ್ನೆಯನ್ನು ದಾಟಿ ಹೋಗಲಾರರು.

ಅಂದು ನಾನು ಆಕೆಗೆ, "ಇನ್ನೂ ಯಾರಿಗೂ ಗೊತ್ತಿಲ್ಲ, ತಂಗಿ, ದೊಡ್ಡವಳಾಗಿ ನೀನೇ ಹುಡುಕು" ಎನ್ನಬೇಕಿತ್ತು. ಅದು ಸತ್ಯವೂ ಆಗಿರುತ್ತಿತ್ತು. ಆಕೆ ಇದನ್ನು ಓದಿದರೆ ಈ ಮುದುಕನನ್ನು ಕ್ಷಮಿಸಲಿ. ನಿಮ್ಮ ಮಕ್ಕಳು, ಮೊಮ್ಮಕ್ಕಳು ಇಂಥದೇನಾದರೂ ಕೇಳಿದರೆ, ದಯವಿಟ್ಟು ಅವರನ್ನು ಕೂಡ್ರಿಸಬೇಡಿರಿ.