ರಾಯ್ ಕೃಷ್ಣ: ಪೂರ್ವಜರ ನಾಡಿಗೆ ವಿದೇಶಿಯಾಗಿ ಬಂದ ಸ್ಟ್ರೈಕರ್

ರಾಯ್ ಕೃಷ್ಣ ಫಿಜಿ ದೇಶದ ಫುಟ್‌ಬಾಲ್ ಆಟಗಾರ. ಆಡುವ ಸ್ಥಾನ ಸ್ಟ್ರೈಕರ್, ಅಂದರೆ ಗೋಲು ಹೊಡೆಯುವುದಕ್ಕೆಂದೇ ಮುಂಚೂಣಿಯಲ್ಲಿ ನಿಲ್ಲುವವರು. ಹನ್ನೊಂದು ವರ್ಷ ನ್ಯೂಜಿಲೆಂಡ್‌ನಲ್ಲಿ ಆಡಿ, 2019ರಲ್ಲಿ ಇಂಡಿಯನ್ ಸೂಪರ್ ಲೀಗ್‌ಗೆ (ಐಎಸ್‌ಎಲ್) ಬಂದರು. ಕೋಲ್ಕತ್ತ, ಬೆಂಗಳೂರು, ಭುವನೇಶ್ವರ ಹೀಗೆ ಮೂರು ನಗರಗಳ ಜೆರ್ಸಿ ತೊಟ್ಟರು. ಅವರ ಹೆಸರು ನಮ್ಮದು, ಮುಖಚರ್ಯೆ ನಮ್ಮದು, ಪೂರ್ವಜರು ಇಲ್ಲಿಂದಲೇ ಹೋದವರು. ಆದರೂ ತಂಡದ ಪಟ್ಟಿಯಲ್ಲಿ ಅವರ ಹೆಸರು ಸೇರಿದ್ದು ವಿದೇಶಿಯರ ಸಾಲಿಗೆ. ವಲಸೆ ಹೋದ ಆಟಗಾರನೊಬ್ಬನ ಬದುಕಿನಲ್ಲಿ ಕಾಲಿನ ಚಳಕ ಎಷ್ಟು ನಡೆಯುತ್ತದೆ, ಕಾಗದಪತ್ರ ಎಷ್ಟು ನಡೆಯುತ್ತದೆ ಎಂಬುದಕ್ಕೆ ಇವರಿಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಲಂಬಾಸಾದ ಕಬ್ಬಿನ ಸೀಮೆ

ಕೃಷ್ಣ ಹುಟ್ಟಿದ್ದು 1987ರ ಆಗಸ್ಟ್ 30ರಂದು, ಫಿಜಿಯ ಎರಡನೇ ದೊಡ್ಡ ದ್ವೀಪವಾದ ವನುವಾ ಲೆವುವಿನ ಲಂಬಾಸಾ ಎಂಬ ಪಟ್ಟಣದಲ್ಲಿ. ಅಲ್ಲಿನ ಸಕ್ಕರೆ ಕಾರ್ಖಾನೆ ಶುರುವಾದದ್ದು 1894ರಲ್ಲಿ. ಸುತ್ತಲೂ ಕಬ್ಬು, ನುರಿಸುವ ಹಂಗಾಮು ಬಂತೆಂದರೆ ಕಾರ್ಖಾನೆಯ ಮುಂದೆ ಲಾರಿಗಳ ಸಾಲು. ಭಾಲ್ಕಿಯ ಮಹಾತ್ಮಾ ಗಾಂಧಿ ಸಹಕಾರಿ ಸಕ್ಕರೆ ಕಾರ್ಖಾನೆಯ ಕಡೆ ಹಂಗಾಮಿನಲ್ಲಿ ಹಾದುಹೋದವರಿಗೆ ಈ ಚಿತ್ರವನ್ನು ಬಿಡಿಸಿ ಹೇಳಬೇಕಿಲ್ಲ.

ಫಿಜಿಯ ಕಬ್ಬನ್ನು ಕಡಿಯಲು ಬ್ರಿಟಿಷರು ಭಾರತದಿಂದ ಆಳುಗಳನ್ನು ಸಾಗಿಸಿದರು. ಮೊದಲ ಹಡಗು ‘ಲಿಯೊನಿಡಾಸ್’ 1879ರ ಮೇ 14ರಂದು ಫಿಜಿ ತಲುಪಿತು. 1916ರಲ್ಲಿ ಸಾಗಣೆ ನಿಲ್ಲುವ ಹೊತ್ತಿಗೆ ಅರವತ್ತು ಸಾವಿರಕ್ಕೂ ಹೆಚ್ಚು ಜನ ಐದು ವರ್ಷದ ಕರಾರಿಗೆ ಹೆಬ್ಬೆಟ್ಟು ಒತ್ತಿ ಅಲ್ಲಿಗೆ ಹೋಗಿದ್ದರು. ಅವರಲ್ಲಿ ಹೆಚ್ಚಿನವರು ಮರಳಲಿಲ್ಲ. 1903ರಿಂದ ಮದ್ರಾಸಿನ ಬಂದರಿನಿಂದಲೂ ಹಡಗುಗಳು ಹೊರಟವು. ಬಳ್ಳಾರಿಯೂ ದಕ್ಷಿಣ ಕನ್ನಡವೂ ಆಗ ಮದ್ರಾಸ್ ಪ್ರಾಂತ್ಯದಲ್ಲೇ ಇದ್ದವು.

ಫಿಜಿಯಲ್ಲಿ ಆಟಗಳೂ ಜನಾಂಗದ ಗೆರೆ ಹಿಡಿದು ಹಂಚಿಹೋದವು. ಮೂಲನಿವಾಸಿಗಳದು ರಗ್ಬಿ, ಭಾರತೀಯರದು ಫುಟ್‌ಬಾಲ್. 1938ರಲ್ಲಿ ಹುಟ್ಟಿದ ಅಲ್ಲಿನ ಫುಟ್‌ಬಾಲ್ ಸಂಸ್ಥೆಯ ಹೆಸರೇ ಫಿಜಿ ಇಂಡಿಯನ್ ಫುಟ್‌ಬಾಲ್ ಅಸೋಸಿಯೇಷನ್. ಎಲ್ಲ ಜನಾಂಗದವರಿಗೂ ಅದರ ಬಾಗಿಲು ತೆರೆದದ್ದು ಅರವತ್ತರ ದಶಕದಲ್ಲಿ.

ಕೃಷ್ಣ ಹುಟ್ಟಿದ ವರ್ಷ ಫಿಜಿಯಲ್ಲಿ ಎರಡು ಸೇನಾ ಕ್ರಾಂತಿಗಳಾದವು, ಮೇ 14ಕ್ಕೆ ಒಂದು, ಸೆಪ್ಟೆಂಬರ್ 25ಕ್ಕೆ ಇನ್ನೊಂದು. ಅವರ ಜನನ ಎರಡರ ನಡುವೆ. ಆ ಬಳಿಕ ಭಾರತ ಮೂಲದ ಕುಟುಂಬಗಳು ಗುಂಪುಗುಂಪಾಗಿ ನ್ಯೂಜಿಲೆಂಡ್, ಆಸ್ಟ್ರೇಲಿಯಾಗಳಿಗೆ ಹೊರಟವು. ಜನಸಂಖ್ಯೆಯಲ್ಲಿ ಒಮ್ಮೆ ಹೆಚ್ಚುಕಡಿಮೆ ಅರ್ಧದಷ್ಟಿದ್ದವರು ಈಗ ಮೂರನೇ ಒಂದು ಪಾಲಿನ ಆಸುಪಾಸಿಗೆ ಇಳಿದಿದ್ದಾರೆ. ಇಪ್ಪತ್ತರ ಹರೆಯದಲ್ಲಿ ಕೃಷ್ಣ ನ್ಯೂಜಿಲೆಂಡ್ ವಿಮಾನ ಹತ್ತುವ ಹೊತ್ತಿಗೆ ಆ ದಾರಿ ಸಾಕಷ್ಟು ಸವೆದಿತ್ತು.

ನ್ಯೂಜಿಲೆಂಡ್: ಅರೆವೃತ್ತಿಯಿಂದ ಪೂರ್ಣವೃತ್ತಿಗೆ

ಊರಿನ ಲಂಬಾಸಾ ತಂಡದಿಂದ 2008ರಲ್ಲಿ ಅವರು ಸೇರಿದ್ದು ಆಕ್ಲೆಂಡ್ ಬಳಿಯ ವೈಟಾಕೆರೆ ಯುನೈಟೆಡ್ ಕ್ಲಬ್ಬನ್ನು. ನ್ಯೂಜಿಲೆಂಡ್‌ನ ಆ ಲೀಗ್ ಪೂರ್ತಿ ವೃತ್ತಿಪರವಾಗಿರಲಿಲ್ಲ. ಐದು ವರ್ಷ ಅಲ್ಲೇ ಕಳೆದವು. ಸ್ಟ್ರೈಕರ್ ಲೆಕ್ಕದಲ್ಲಿ ಇದು ದುಬಾರಿ ಐದು ವರ್ಷ. ಯುರೋಪಿನ ಹುಡುಗರು ಆ ವಯಸ್ಸಿಗೆ ದೊಡ್ಡ ಕ್ಲಬ್ಬುಗಳ ಬಾಗಿಲಲ್ಲಿ ನಿಂತಿರುತ್ತಾರೆ.

2013ರಲ್ಲಿ ಆಕ್ಲೆಂಡ್ ಸಿಟಿ ಸೇರಿದರು. ಆ ಡಿಸೆಂಬರ್‌ನಲ್ಲಿ ಮೊರಾಕೊದಲ್ಲಿ ನಡೆದ ಕ್ಲಬ್ ವಿಶ್ವಕಪ್‌ನ ಮೊದಲ ಪಂದ್ಯದಲ್ಲಿ ಆತಿಥೇಯ ರಾಜಾ ಕಾಸಾಬ್ಲಾಂಕಾ ವಿರುದ್ಧ ಸಮಬಲದ ಗೋಲು ಹೊಡೆದರು. ಹೆಚ್ಚುವರಿ ನಿಮಿಷಗಳಲ್ಲಿ ಗೋಲು ಬಿಟ್ಟುಕೊಟ್ಟ ಆಕ್ಲೆಂಡ್ 1–2ರಿಂದ ಸೋತಿತು. ಮರುತಿಂಗಳೇ ವೆಲಿಂಗ್ಟನ್ ಫೀನಿಕ್ಸ್ ಕರೆಯಿತು. ನ್ಯೂಜಿಲೆಂಡ್‌ನಲ್ಲಿದ್ದುಕೊಂಡೇ ಆಸ್ಟ್ರೇಲಿಯಾದ ಎ-ಲೀಗ್‌ನಲ್ಲಿ ಆಡುವ ಕ್ಲಬ್ ಅದು. ಆಗ ಅವರಿಗೆ ಇಪ್ಪತ್ತಾರು ತುಂಬಿತ್ತು.

ಬೇರು ಬಿಟ್ಟದ್ದು ವೆಲಿಂಗ್ಟನ್‌ನಲ್ಲಿ. ಐದೂವರೆ ವರ್ಷದಲ್ಲಿ ಆ ಕ್ಲಬ್ಬಿನ ಸಾರ್ವಕಾಲಿಕ ಅತಿ ಹೆಚ್ಚು ಗೋಲುಗಳ ದಾಖಲೆ ಅವರ ಹೆಸರಿಗಾಯಿತು. ನಡುವೆ ನ್ಯೂಜಿಲೆಂಡ್ ಪೌರತ್ವವೂ ಸಿಕ್ಕಿತು. 2018–19ರಲ್ಲಿ 18 ಗೋಲು ಹೊಡೆದು ಗೋಲ್ಡನ್ ಬೂಟ್ ಗೆದ್ದರು. ಲೀಗ್‌ನ ಶ್ರೇಷ್ಠ ಆಟಗಾರನಿಗೆ ಕೊಡುವ ಜಾನಿ ವಾರನ್ ಪದಕವೂ ಆ ವರ್ಷ ಅವರದೇ. ಮೂವತ್ತೊಂದನೇ ವಯಸ್ಸಿಗೆ ಬಂದ ಈ ಫಸಲು ತೋರಿಸುವುದು ಬರೀ ವೇಗವನ್ನಲ್ಲ. ಡಿಫೆಂಡರ್‌ಗಳ ಬೆನ್ನ ಹಿಂದೆ ಯಾವಾಗ ನುಗ್ಗಬೇಕು, ಯಾವಾಗ ಸುಮ್ಮನೆ ನಿಲ್ಲಬೇಕು ಎಂಬ ಅಂದಾಜು ಆಟಗಾರನಿಗೆ ತಡವಾಗಿಯೇ ಕೈಗೂಡುತ್ತದೆ.

ರಿಯೊ ಒಲಿಂಪಿಕ್ಸ್‌ನ ಒಂದು ಗೋಲು

2016ರ ರಿಯೊ ಒಲಿಂಪಿಕ್ಸ್ ಫುಟ್‌ಬಾಲ್‌ಗೆ ಫಿಜಿ ಮೊದಲ ಬಾರಿ ಅರ್ಹತೆ ಪಡೆದ ಬಗೆಯೇ ವಿಚಿತ್ರ. ಅರ್ಹತಾ ಸುತ್ತಿನ ಸೆಮಿಫೈನಲ್ ಗೆದ್ದಿದ್ದ ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿದ ಡೆಕ್ಲನ್ ವಿನ್ ಎಂಬ ಆಟಗಾರನನ್ನು ಕಣಕ್ಕಿಳಿಸಿತ್ತು. ಅವರು ಆ ದೇಶದ ಪರ ಆಡುವ ಅರ್ಹತೆ ಪಡೆದಿಲ್ಲವೆಂದು ತೀರ್ಮಾನವಾಗಿ ಇಡೀ ತಂಡವೇ ಹೊರಬಿತ್ತು. ಫೈನಲ್‌ನಲ್ಲಿ ವನುವಾಟುವನ್ನು ಪೆನಾಲ್ಟಿ ಶೂಟೌಟ್‌ನಲ್ಲಿ ಮಣಿಸಿ ಫಿಜಿ ರಿಯೊಗೆ ಹೋಯಿತು. ಯಾರೋ ಒಬ್ಬ ವಲಸಿಗನ ಕಾಗದಪತ್ರ ಸರಿಯಿರದ್ದರಿಂದ ಇನ್ನೊಂದು ದೇಶಕ್ಕೆ ದಾರಿ ತೆರೆಯಿತು.

ಅಲ್ಲಿ ಫಿಜಿ ಮೂರೂ ಪಂದ್ಯ ಸೋತಿತು: ದಕ್ಷಿಣ ಕೊರಿಯಾ ವಿರುದ್ಧ 0–8, ಮೆಕ್ಸಿಕೊ ವಿರುದ್ಧ 1–5, ಜರ್ಮನಿ ವಿರುದ್ಧ 0–10. ನಡುವಿನ ಪಂದ್ಯದ ಆ ಒಂದು ಗೋಲು ಕೃಷ್ಣ ಅವರ ಹೆಡರ್. ಹಾಲಿ ಚಾಂಪಿಯನ್ ಮೆಕ್ಸಿಕೊ ಎದುರು ವಿರಾಮದವರೆಗೂ ಫಿಜಿ 1–0ರಿಂದ ಮುಂದಿತ್ತು. ಫಿಜಿ ಪರ ಅತಿ ಹೆಚ್ಚು ಗೋಲು ಹೊಡೆದವರ ಪಟ್ಟಿಯಲ್ಲೂ ಮೊದಲ ಹೆಸರು ಕೃಷ್ಣ ಅವರದೇ.

ಕೋಲ್ಕತ್ತದ ಮೂರು ಋತುಗಳು

ಫೀನಿಕ್ಸ್ ಜತೆಗಿನ ಒಪ್ಪಂದ ಮುಗಿದ ಮೇಲೆ, 2019ರಲ್ಲಿ ಕೃಷ್ಣ ಕೋಲ್ಕತ್ತದ ಎಟಿಕೆ ಕ್ಲಬ್ ಸೇರಿದರು. ವೆಲಿಂಗ್ಟನ್‌ನ ಜತೆಗಾರ, ಆಸ್ಟ್ರೇಲಿಯಾದ ಡೇವಿಡ್ ವಿಲಿಯಮ್ಸ್ ಕೂಡ ಬಂದರು. ಒಬ್ಬರನ್ನೊಬ್ಬರು ಬಲ್ಲ ಜೋಡಿಯನ್ನೇ ತರುವುದು ಜಾಣತನದ ವ್ಯಾಪಾರ. ಹೊಸ ದೇಶ, ಹೊಸ ಹವೆ, ಹೊಸ ಊಟದ ನಡುವೆ ಹೊಂದಾಣಿಕೆಗೆ ತಿಂಗಳುಗಳು ಹಿಡಿಯುತ್ತವೆ, ಆಗ ಲೀಗ್ ಮಾತ್ರ ಐದಾರು ತಿಂಗಳಲ್ಲಿ ಮುಗಿದೇ ಹೋಗುತ್ತಿತ್ತು.

ಮೊದಲ ಋತುವಿನಲ್ಲೇ 15 ಗೋಲು. ಅಷ್ಟೇ ಗೋಲು ಹೊಡೆದವರು ಇನ್ನಿಬ್ಬರಿದ್ದರು: ನೈಜೀರಿಯಾದ ಬಾರ್ಥಲೋಮ್ಯೂ ಒಗ್ಬೆಚೆ, ಲಿಥುವೇನಿಯಾದ ನೆರಿಯುಸ್ ವಾಲ್ಸ್ಕಿಸ್. ಮೂವರೂ ಹೊರಗಿನವರು. 2020ರ ಮಾರ್ಚ್ 14ರಂದು, ಕೊರೊನಾ ಭೀತಿಯಿಂದ ಪ್ರೇಕ್ಷಕರೇ ಇಲ್ಲದ ಗೋವಾದ ಫತೋರ್ಡಾದಲ್ಲಿ ಎಟಿಕೆ 3–1ರಿಂದ ಚೆನ್ನೈಯಿನ್ ತಂಡವನ್ನು ಸೋಲಿಸಿ ಕಪ್ ಎತ್ತಿತು.

ಆಮೇಲೆ ಎಟಿಕೆ, ಮೋಹನ್ ಬಾಗಾನ್ ಒಂದಾದವು. 2020ರ ನವೆಂಬರ್ 27ರಂದು ಐಎಸ್‌ಎಲ್‌ನ ಮೊದಲ ಕೋಲ್ಕತ್ತ ಡರ್ಬಿ. ಈಸ್ಟ್ ಬೆಂಗಾಲ್ ವಿರುದ್ಧ ಮೊದಲ ಗೋಲು ಕೃಷ್ಣ ಅವರದು. ಕೋಲ್ಕತ್ತದಲ್ಲಿ ಇಂಥ ಗೋಲಿಗೆ ಆಯುಷ್ಯ ಜಾಸ್ತಿ. 14 ಗೋಲುಗಳೊಂದಿಗೆ ಆ ಋತುವಿನ ಶ್ರೇಷ್ಠ ಆಟಗಾರ ಪ್ರಶಸ್ತಿಯೂ ಬಂತು. ಫೈನಲ್ ಮಾತ್ರ ಮುಂಬೈ ಸಿಟಿ ಪಾಲಾಯಿತು. ಮೂರನೇ ಋತುವಿನಲ್ಲಿ ಗೋಲು ಅರ್ಧಕ್ಕೆ ಇಳಿದವು. 2022ರ ಬೇಸಿಗೆಯಲ್ಲಿ ಕ್ಲಬ್ ಅವರನ್ನು ಬಿಟ್ಟಿತು.

ಬೆಂಗಳೂರಿನ ಒಂದೇ ಋತು

ಬೆಂಗಳೂರು ಎಫ್‌ಸಿ 2013ರಲ್ಲಿ ಹುಟ್ಟಿದ ಕ್ಲಬ್. ಮೊದಲ ವರ್ಷವೇ ಐ-ಲೀಗ್ ಗೆದ್ದಿತು, 2019ರಲ್ಲಿ ಐಎಸ್‌ಎಲ್ ಕೂಡ. ವೆನೆಜುವೆಲಾದ ಮಿಕು ಇಲ್ಲಿ 2017–18ರಲ್ಲಿ 15 ಗೋಲು ಹೊಡೆದಿದ್ದರು. ಅವರು ಹೋದ ಮೇಲೆ ಆ ಜಾಗಕ್ಕೆ ಬಂದ ವಿದೇಶಿ ಸ್ಟ್ರೈಕರ್‌ಗಳು ಕಂಠೀರವ ಕ್ರೀಡಾಂಗಣದ ಮಂದಿಗೆ ಒಗ್ಗಿರಲಿಲ್ಲ.

ಕೃಷ್ಣ ಬಂದ ಕೆಲವೇ ವಾರಗಳಲ್ಲಿ, 2022ರ ಸೆಪ್ಟೆಂಬರ್ 18ರಂದು ಬೆಂಗಳೂರು ಮೊದಲ ಬಾರಿ ಡುರಾಂಡ್ ಕಪ್ ಗೆದ್ದಿತು. ಲೀಗ್‌ನಲ್ಲಿ ಆರಂಭ ಕೆಟ್ಟದಾಗಿತ್ತು. ಆಮೇಲೆ ಸತತ ಎಂಟು ಗೆಲುವು! ತರಬೇತುದಾರ ಸೈಮನ್ ಗ್ರೇಸನ್, ನಾಯಕ ಸುನಿಲ್ ಚೆಟ್ರಿಯನ್ನೇ ಬೆಂಚಿನಲ್ಲಿ ಕೂರಿಸಿ, ಕೃಷ್ಣ ಜತೆಗೆ ತಮಿಳುನಾಡಿನ ಹುಡುಗ ಶಿವಶಕ್ತಿ ನಾರಾಯಣನ್ ಅವರನ್ನು ಆಡಿಸಿದರು. ಎದುರಾಳಿ ಡಿಫೆಂಡರ್‌ಗಳ ಗಮನವನ್ನು ಕೃಷ್ಣ ತಮ್ಮತ್ತ ಎಳೆದುಕೊಂಡರೆ, ತೆರವಾದ ಜಾಗಕ್ಕೆ ಶಿವಶಕ್ತಿ ನುಗ್ಗುತ್ತಿದ್ದರು. ಕೃಷ್ಣ ಅವರ ಸ್ವಂತ ಗೋಲಿನ ಲೆಕ್ಕ ಆ ವರ್ಷ ದೊಡ್ಡದಲ್ಲ. ಅಂಕಿ ಮಾತ್ರ ನೋಡಿದವರು ಅವರನ್ನು ಸಾಧಾರಣ ಎಂದಾರು, ಪಂದ್ಯ ನೋಡಿದವರು ಹಾಗೆನ್ನಲಾರರು.

2023ರ ಮಾರ್ಚ್ 18ರ ಫೈನಲ್‌ನಲ್ಲಿ ಎದುರಾಳಿ ಅವರ ಹಳೆಯ ಕ್ಲಬ್ ಎಟಿಕೆ ಮೋಹನ್ ಬಾಗಾನ್. ಮತ್ತೆ ಫತೋರ್ಡಾ. ಕಾರ್ನರ್ ವೇಳೆ ಚೆಂಡು ಕೃಷ್ಣ ಅವರ ಕೈಗೆ ತಗುಲಿ ಎದುರಾಳಿಗೆ ಪೆನಾಲ್ಟಿ ಸಿಕ್ಕಿತು. ದಿಮಿತ್ರಿ ಪೆಟ್ರಾಟೊಸ್ ಗೋಲು ಹೊಡೆದರು. ವಿರಾಮಕ್ಕೆ ಮುನ್ನ ಕೃಷ್ಣ ಅವರನ್ನೇ ಬೀಳಿಸಿದ್ದಕ್ಕೆ ಬೆಂಗಳೂರಿಗೂ ಪೆನಾಲ್ಟಿ. ಚೆಟ್ರಿ ಸಮ ಮಾಡಿದರು. 78ನೇ ನಿಮಿಷದಲ್ಲಿ ಕಾರ್ನರ್‌ನಿಂದ ಬಂದ ಚೆಂಡಿಗೆ ಕೃಷ್ಣ ತಲೆ ಕೊಟ್ಟರು: 2–1. ಏಳು ನಿಮಿಷ ಕಳೆಯುವಷ್ಟರಲ್ಲಿ ಪೆಟ್ರಾಟೊಸ್ ಮತ್ತೊಂದು ಪೆನಾಲ್ಟಿ ಹೊಡೆದರು. ಶೂಟೌಟ್‌ನಲ್ಲಿ ಬೆಂಗಳೂರು 3–4ರಿಂದ ಸೋತಿತು. ಮುಂದಿನ ತಿಂಗಳು ಕೋಯಿಕ್ಕೋಡ್‌ನಲ್ಲಿ ಸೂಪರ್ ಕಪ್ ಫೈನಲ್, ಒಡಿಶಾ ಎಫ್‌ಸಿ ವಿರುದ್ಧ 1–2 ಸೋಲು. ಆ ಒಡಿಶಾ ಎಫ್‌ಸಿಗೇ ಕೃಷ್ಣ ಹೊರಟರು. ಅಲ್ಲಿ 2023–24ರ ಲೀಗ್‌ನಲ್ಲಿ 13 ಗೋಲು ಹೊಡೆದಾಗ ಅವರ ವಯಸ್ಸು ಮೂವತ್ತಾರು.

ವಿದೇಶಿ ಸ್ಟ್ರೈಕರ್‌ಗೇ ಏಕೆ ಬೇಡಿಕೆ

ಬೀದರ್ ಹೈದರಾಬಾದ್ ರಾಜ್ಯದ ಜಿಲ್ಲೆಯಾಗಿದ್ದ ಕಾಲಕ್ಕೆ, ಸೈಯದ್ ಅಬ್ದುಲ್ ರಹೀಂ ಪಳಗಿಸಿದ ಹೈದರಾಬಾದ್ ಸಿಟಿ ಪೊಲೀಸ್ ತಂಡ 1950ರಿಂದ 54ರವರೆಗೆ ಸತತ ಐದು ಸಲ ರೋವರ್ಸ್ ಕಪ್ ಗೆದ್ದಿತ್ತು. ಹೊರದೇಶದ ಗೋಲುಗಾರರ ಯುಗ ಆಮೇಲಿನದು: 1980ರಲ್ಲಿ ಈಸ್ಟ್ ಬೆಂಗಾಲ್‌ಗೆ ಬಂದ ಇರಾನಿನ ಮಜೀದ್ ಬಿಶ್ಕರ್, ಜಮ್ಶಿದ್ ನಸ್ಸೀರಿ, ಬಳಿಕ ನೈಜೀರಿಯಾದ ಚೀಮಾ ಒಕೊರಿ, 1999ರಲ್ಲಿ ಬ್ರೆಜಿಲ್‌ನ ಬರೆಟೊ. ಹೈದರಾಬಾದ್ ಎಫ್‌ಸಿ 2021–22ರಲ್ಲಿ ಐಎಸ್‌ಎಲ್ ಗೆದ್ದಾಗಲೂ 18 ಗೋಲು ಹೊಡೆದವರು ಒಗ್ಬೆಚೆ. ಆ ಕ್ಲಬ್ 2025ರಲ್ಲಿ ದೆಹಲಿಗೆ ಎತ್ತಂಗಡಿಯಾಗಿ ಹೆಸರನ್ನೂ ಬದಲಿಸಿಕೊಂಡಿತು.

ವಿದೇಶಿ ಸ್ಟ್ರೈಕರ್‌ಗೆ ಇಷ್ಟು ಬೇಡಿಕೆಯಿರುವುದಕ್ಕೆ ಕಾರಣ ಸರಳ. ಪಂದ್ಯದ ಫಲಿತಾಂಶ ಬೇಗ ಬದಲಾಗುವುದು ಗೋಲಿನಿಂದ. ವಿದೇಶಿ ಕೋಟಾ ಚಿಕ್ಕದು, ಹಣ ಸುರಿಯುವವರು ಅದನ್ನು ಮುಂಚೂಣಿಗೇ ಮೀಸಲಿಡುತ್ತಾರೆ. ಐಎಸ್‌ಎಲ್ 2014ರಲ್ಲಿ ಶುರುವಾದಾಗ ಮೈದಾನದಲ್ಲಿ ಏಕಕಾಲಕ್ಕೆ ಆರು ವಿದೇಶಿಯರಿರಬಹುದಿತ್ತು. 2017ರಲ್ಲಿ ಐದು, 2021ರಲ್ಲಿ ನಾಲ್ಕಕ್ಕೆ ಇಳಿಯಿತು. ಆದರೂ ಆ ನಾಲ್ವರಲ್ಲಿ ಒಬ್ಬ ಸ್ಟ್ರೈಕರ್ ಸಾಮಾನ್ಯವಾಗಿ ಇದ್ದೇ ಇರುತ್ತಾನೆ. ಪರಿಣಾಮವೂ ಅಷ್ಟೇ ಸರಳ: ಭಾರತೀಯ ಹುಡುಗರು ಅಂಚಿನಲ್ಲಿ ಓಡುವ ವಿಂಗರ್‌ಗಳಾಗುತ್ತಾರೆ. 2024ರ ಜೂನ್‌ನಲ್ಲಿ ರಾಷ್ಟ್ರೀಯ ತಂಡಕ್ಕೆ ವಿದಾಯ ಹೇಳಿದ ಚೆಟ್ರಿಯನ್ನು ಮರುವರ್ಷ ನಲವತ್ತರ ವಯಸ್ಸಿನಲ್ಲಿ ಮತ್ತೆ ಕರೆಯಬೇಕಾಯಿತು. ಇದಕ್ಕೆ ಕೃಷ್ಣ ಅವರಂಥವರನ್ನು ದೂರುವುದು ತಪ್ಪು. ದೂರಬೇಕಾದದ್ದು, ಹದಿಹರೆಯದ ಸ್ಟ್ರೈಕರ್‌ಗೆ ಪಂದ್ಯಗಳೇ ಸಿಗದಂತೆ ಕಟ್ಟಿದ ವ್ಯವಸ್ಥೆಯನ್ನು.

ಒಪ್ಪಂದ, ವೀಸಾ, ವರ್ಗಾವಣೆ ಪತ್ರ

ಒಬ್ಬ ಆಟಗಾರ ದೇಶ ಬದಲಿಸುವಾಗ ಹಳೆಯ ದೇಶದ ಫುಟ್‌ಬಾಲ್ ಸಂಸ್ಥೆ ಹೊಸ ದೇಶದ ಸಂಸ್ಥೆಗೆ ಅಂತರರಾಷ್ಟ್ರೀಯ ವರ್ಗಾವಣೆ ಪತ್ರ ಕಳಿಸಬೇಕು, ಇಲ್ಲದಿದ್ದರೆ ನೋಂದಣಿಯಿಲ್ಲ. ನಿಗದಿತ ವರ್ಗಾವಣೆ ಅವಧಿಯೊಳಗೆ ನೋಂದಣಿ ಮುಗಿಯಬೇಕು. ಭಾರತಕ್ಕೆ ಬರುವವರಿಗೆ ಉದ್ಯೋಗ ವೀಸಾ ಬೇರೆ. ಒಪ್ಪಂದ ನಡುವೆಯೇ ಮುರಿದು ಕ್ಲಬ್ಬಿಗೆ ಹಣ ಕೊಟ್ಟು ಕೊಂಡರೆ, ಆ ಮೊತ್ತದ ಶೇ 5ರಷ್ಟು ಪಾಲು ಆಟಗಾರ 12ರಿಂದ 23ರ ವಯಸ್ಸಿನಲ್ಲಿ ಬೆಳೆದ ಕ್ಲಬ್ಬುಗಳಿಗೆ ಹಂಚಿಕೆಯಾಗುತ್ತದೆ. ಒಪ್ಪಂದ ಮುಗಿಸಿ ಹೊರಟವನ ವಿಷಯದಲ್ಲಿ ವರ್ಗಾವಣೆ ಹಣವೇ ಇರದ್ದರಿಂದ ಹಂಚಲು ಪಾಲೂ ಇರುವುದಿಲ್ಲ. ಊರಿನ ಸಣ್ಣ ಕ್ಲಬ್ಬುಗಳಿಗೆ ಹೀಗಾದಾಗ ದಕ್ಕುವುದು ಹೆಸರು ಮಾತ್ರ.

ಭಾರತದ ಪರ ಆಡಬಹುದಿತ್ತೇ?

ಕೋಲ್ಕತ್ತದಲ್ಲಿ ಗೋಲುಗಳು ಬೀಳತೊಡಗಿದಾಗ ಈ ಪ್ರಶ್ನೆ ಎದ್ದಿತ್ತು. ಭಾರತ ಎರಡು ಪೌರತ್ವ ಒಪ್ಪುವುದಿಲ್ಲ. ವಿದೇಶದಲ್ಲಿರುವ ಭಾರತ ಮೂಲದವರಿಗೆ ಓಸಿಐ ಕಾರ್ಡ್ ಇದೆ, ಆದರೆ 2008ರಿಂದ ಕ್ರೀಡಾ ಸಚಿವಾಲಯದ ನೀತಿಯಂತೆ ರಾಷ್ಟ್ರೀಯ ತಂಡಕ್ಕೆ ಭಾರತದ ಪಾಸ್‌ಪೋರ್ಟ್ ಇರಲೇಬೇಕು. ಜಪಾನಿನಲ್ಲಿ ಹುಟ್ಟಿದ, ಗುಜರಾತಿ ತಂದೆಯ ಮಗ ಇಜುಮಿ ಅರಾತಾ ಜಪಾನಿ ಪೌರತ್ವ ತ್ಯಜಿಸಿ 2013ರಲ್ಲಿ ಭಾರತದ ಪರ ಆಡಿದರು. ಪರ್ತ್‌ನಲ್ಲಿ ಹುಟ್ಟಿ, 2023ರಲ್ಲಿ ಬೆಂಗಳೂರು ಎಫ್‌ಸಿ ಸೇರಿದ ರಯಾನ್ ವಿಲಿಯಮ್ಸ್ ಅವರ ತಾಯಿ ಮುಂಬೈ ಮೂಲದವರು. ವಿಲಿಯಮ್ಸ್ 2025ರಲ್ಲಿ ಆಸ್ಟ್ರೇಲಿಯಾದ ಪಾಸ್‌ಪೋರ್ಟ್ ಬಿಟ್ಟು ಭಾರತದ ಪೌರರಾದರು. ಆಸ್ಟ್ರೇಲಿಯಾದ ಹಿರಿಯರ ತಂಡಕ್ಕೆ ಅವರು ಆಡಿದ್ದು ಒಂದೇ ಒಂದು ಸೌಹಾರ್ದ ಪಂದ್ಯ. ಕೃಷ್ಣ ಅವರಿಗೆ ಈ ದಾರಿಯೂ ಇರಲಿಲ್ಲ. ಫಿಫಾದ ಸಡಿಲಗೊಂಡ ನಿಯಮವೂ ಅವಕಾಶ ಕೊಡುವುದು ಇಪ್ಪತ್ತೊಂದು ತುಂಬುವುದರೊಳಗೆ ಹಿರಿಯರ ಮಟ್ಟದ ಅಧಿಕೃತ ಪಂದ್ಯಗಳನ್ನು ಮೂರು ಮೀರದಂತೆ ಆಡಿದವರಿಗೆ. ಕೋಲ್ಕತ್ತಕ್ಕೆ ಬಂದಿಳಿಯುವ ಹೊತ್ತಿಗೆ ಕೃಷ್ಣ ಫಿಜಿ ತಂಡದಲ್ಲಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ಆಡಿದ್ದರು.